ಹಿತ್ತಾಳೆ ಕಿವಿಯ ಪೆಟ್ಟಿಗೆ

ನನಗೆ ಯಾರನ್ನೂ ಬೇಗ ನಂಬುವ ಅಭ್ಯಾಸವಿಲ್ಲ. ಹಾಲಿನವನು ಹಾಲು ಸುರಿಯುವಾಗ ನಾನು ಹಾಲನ್ನು ನೋಡುವುದಿಲ್ಲ, ಅವನ ಹೆಬ್ಬೆರಳು ಅಳತೆಯ ಡಬ್ಬಿಯೊಳಗೆ ಎಷ್ಟು ಮುಳುಗಿದೆ ಎಂದು ನೋಡುತ್ತೇನೆ. ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ನಾನು ಯಲಬುರ್ಗಾದಲ್ಲಿ ಹೈಸ್ಕೂಲು ಓದುತ್ತಿದ್ದೆ. ಎಲ್ಲರೂ ಪೇಡೆ ತಿನ್ನುತ್ತಿದ್ದಾಗ, ರಾಯಚೂರಿಗೆ ಹೋಗುತ್ತಿದ್ದ ಕಾಗದ ಇನ್ನು ಕೊಪ್ಪಳಕ್ಕೆ ಹೋಗುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳಿ ಅಪ್ಪನಿಂದ ಬೈಸಿಕೊಂಡಿದ್ದೆ. ನಮ್ಮ ಸಾಲೆಯ ಗೋಡೆಯ ಮೇಲೆ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಬರೆದಿದ್ದರು. ಉಳಿದ ಹುಡುಗಿಯರು ಅದನ್ನು ಓದಿ ಮುಂದೆ ಹೋದರು, ನಾನು ಮನಸ್ಸಿಗೆ ಹಚ್ಚಿಕೊಂಡೆ.

ಮದುವೆಯಾಗಿ ಗಂಗಾವತಿಗೆ ಬಂದ ವಾರದಲ್ಲೇ ನಮ್ಮ ಅತ್ತೆಯ ಹಿಂಡುವ ಎಮ್ಮೆ ಸತ್ತಿತು. ಅತ್ತೆ ಜಗಳಗಂಟಿಯಲ್ಲ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ನೋಡಲು ಬಂದ ನೆರೆಮನೆಯವರ ಮುಂದೆ ನಿಟ್ಟುಸಿರು ಬಿಟ್ಟು, ಏನು ಮಾಡುವುದು, ಹೊಸ ಸೊಸೆಯ ಕಾಲ್ಗುಣ ಎಂದಷ್ಟೇ ಹೇಳಿದರು. ಎಮ್ಮೆಯನ್ನು ಅಂದೇ ಹೂತರು. ಮಾತು ಮಾತ್ರ ಮನೆಯಲ್ಲೇ ಉಳಿಯಿತು. ಆಮೇಲೆ ಮಿಕ್ಸರ್ ಸುಟ್ಟರೂ, ಗಂಡನ ಬೈಕು ಪಂಕ್ಚರ್ ಆದರೂ ಅತ್ತೆಯ ಕಣ್ಣು ಒಂದು ಸಲ ನನ್ನ ಪಾದದ ಕಡೆ ಹೋಗಿ ಬರುತ್ತಿತ್ತು. ನನಗೆ ಅದು ಕೆನ್ನೆಗೆ ಹೊಡೆದಂತೆ ಆಗುತ್ತಿತ್ತು.

ಆದ್ದರಿಂದ ಊರ ಹೊರಗಿನ ಅಕ್ಕಿ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಾಗ ನನಗೆ ಜೀವ ಬಂದಂತಾಯಿತು. ಲಾರಿಯಲ್ಲಿ ಬಂದ ಭತ್ತದ ಒಂದು ಹಿಡಿಯನ್ನು ಯಂತ್ರಕ್ಕೆ ಹಾಕಿ ತೇವ ನೋಡುವುದು, ನುಚ್ಚು ನೋಡುವುದು, ಅದನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ನಾನು ಹಾಕಿದ್ದು ಅಂಗಳದಾಚೆಯ ಆಫೀಸಿಗೂ, ಲಾರಿ ತೂಗುವ ಕಾಟಾದ ಕೋಣೆಗೂ ಹೋಗಬೇಕು. ಅಲ್ಲಿಂದ ಚೀಟಿ ಬಂದರೆ ಲಾರಿ ಮುಂದೆ ಹೋಗುತ್ತದೆ. ತೇವ ಹೆಚ್ಚು ತೋರಿಸಿದೆ ಎಂದು ಭತ್ತದವರಿಗೆ ನನ್ನ ಮೇಲೆ ಸಂಶಯ, ಕಡಿಮೆ ತೋರಿಸಿದೆ ಎಂದು ಮಾಲೀಕರಿಗೆ ಸಂಶಯ. ಸಂಶಯದ ಪ್ರಾಣಿಗೆ ತಕ್ಕ ಕೆಲಸವೇ ಸಿಕ್ಕಿತ್ತು ಅನ್ನಿ.

ಗಿರಣಿಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಾವ ಊರ ಕಡೆಯಿಂದ ಬಂದರೋ ಅದೇ ಹೆಸರು. ಹಿರಿಯ ಗುಮಾಸ್ತರು ಕುಷ್ಟಗಿಯವರು. ಗೇಟು ಕಾಯುತ್ತಿದ್ದ ಮುದುಕ ಹಿಟ್ನಾಳದಜ್ಜ. ನಾನು ಯಲಬುರ್ಗಾದಕ್ಕ. ಗಂಗಾವತಿಯಲ್ಲಿ ಎಷ್ಟು ವರ್ಷ ಸಂಸಾರ ಮಾಡಿದರೂ ನಾನು ಬಂದ ದಿಕ್ಕು ನನ್ನನ್ನು ಬಿಡಲಿಲ್ಲ.

ಈ ಕುಷ್ಟಗಿಯವರ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು. ಅವರ ಅಣ್ಣನ ಮಗಳು ಕಂಪ್ಯೂಟರ್ ಕೋರ್ಸು ಮುಗಿಸಿ ಮನೆಯಲ್ಲಿದ್ದಳು. ನಾನು ರಜೆ ಕೇಳಿದಾಗಲೆಲ್ಲ ಅವರು ತಟ್ಟನೆ ಹೂಂ ಅನ್ನುತ್ತಿದ್ದರು. ರಜೆಯನ್ನು ಅಷ್ಟು ಸಂತೋಷದಿಂದ ಕೊಡುವ ಗುಮಾಸ್ತರನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಮೂರೂ ಕಡೆಯ ಕಂಪ್ಯೂಟರುಗಳನ್ನು ಜೋಡಿಸಲು ಕೊಪ್ಪಳದಿಂದ ಒಬ್ಬ ಮೆಕ್ಯಾನಿಕ್ ಬಂದಿದ್ದ. ಆಫೀಸಿನ ಗೋಡೆಗೆ, ಅಲ್ಲಿಯದಕ್ಕೂ ಕಾಟಾದ್ದಕ್ಕೂ ಸೇರಿ ಒಂದು ದೊಡ್ಡ ಪೆಟ್ಟಿಗೆ, ನನ್ನ ಕೋಣೆಯಲ್ಲಿ ಕಂಪ್ಯೂಟರಿಗೂ ಪ್ರಿಂಟರಿಗೂ ಸೇರಿ ಒಂದು ಸಣ್ಣ ಪೆಟ್ಟಿಗೆ ಹಾಕಿದ. ಎರಡಕ್ಕೂ ಸ್ವಿಚ್ ಅನ್ನುತ್ತಾರೆ ಎಂದ. ಆಫೀಸಿನಿಂದ ನನ್ನ ಕೋಣೆಗೆ ಎರಡು ತಂತಿ ಎಳೆದಿದ್ದ. ಒಂದನ್ನು ಸಣ್ಣ ಪೆಟ್ಟಿಗೆಗೆ ಚುಚ್ಚಿದ, ಇನ್ನೊಂದು ಮುಂದೆ ಬೇಕಾದೀತು ಎಂದು ಹಾಗೇ ಇಳಿಬಿಟ್ಟ. ಆ ಎರಡನೆಯದರ ಆಚೆಯ ತುದಿ ಆಫೀಸಿನ ಪೆಟ್ಟಿಗೆಯಲ್ಲೇ ಚುಚ್ಚಿಕೊಂಡಿತ್ತು.

ನಾನು ಬಿಡಲಿಲ್ಲ. ನಾನು ಬರೆಯುವ ತೇವದ ಅಂಕಿ ಕುಷ್ಟಗಿಯವರಿಗೆ ಕಾಣದೆ ನೇರವಾಗಿ ಕಾಟಾಕ್ಕೆ ಹೋಗುತ್ತದೋ ಇಲ್ಲವೋ ಎಂದು ಕೇಳಿದೆ. ಅವನು ಪಾಪ, ಕೂತು ತಿಳಿಸಿ ಹೇಳಿದ. ಮೊದಲಿನ ಕಾಲದ ಪೆಟ್ಟಿಗೆ ಡಂಗುರ ಹೊಡೆದಂತೆ ಒಬ್ಬರ ಮಾತನ್ನು ಎಲ್ಲರಿಗೂ ಸಾರುತ್ತಿತ್ತಂತೆ. ಇದು ಹಾಗಲ್ಲ. ಪ್ರತಿ ಕಂಪ್ಯೂಟರಿಗೂ ಹುಟ್ಟುವಾಗಲೇ ಒಂದು ಗುರುತು ಇರುತ್ತದೆ, ಮಾತಾಡುವಾಗ ಅದು ಮೊದಲು ಇಂಥವರಿಗೆ ಎಂದು, ಜೊತೆಗೇ ಇಂಥವನಿಂದ ಎಂದು ಹೇಳಿಕೊಳ್ಳುತ್ತದೆ. ಪೆಟ್ಟಿಗೆ ಆ ‘ಇಂಥವನಿಂದ’ ಎನ್ನುವುದನ್ನು ಹಿಡಿದುಕೊಳ್ಳುತ್ತದೆ.

"ಇದಕ್ಕ ಯಾರ ಪರಿಚಯನೂ ಇರಂಗಿಲ್ರಿ ಅಕ್ಕಾರ," ಅಂದ. "ಯಾರ ದನಿ ಯಾವ ಬಾಗಲದಿಂದ ಬಂತು, ಅಷ್ಟ ನೆನಪ ಇಟಗೋತೈತಿ. ಮುಂದ ಅವರಿಗೆ ಮಾತು ಬಂದ್ರ ಅದ ಬಾಗಲಕ್ಕ ಕಳಸತೈತಿ."

ಗೊತ್ತಿಲ್ಲದವರಿಗೆ ಮಾತು ಬಂದರೆ ಏನು ಮಾಡುತ್ತದೆ ಎಂದೆ. ಬಂದ ಬಾಗಿಲೊಂದನ್ನು ಬಿಟ್ಟು ಉಳಿದೆಲ್ಲ ಬಾಗಿಲಿಗೂ ಕೂಗುತ್ತದೆ, ಅವರು ಉತ್ತರ ಕೊಟ್ಟ ಕೂಡಲೇ ಅವರ ಬಾಗಿಲನ್ನೂ ಕಲಿಯುತ್ತದೆ ಎಂದ. ಎಲ್ಲರಿಗೂ ಎಂದೇ ಹೊರಟ ಕೂಗಾದರೆ ಯಾವಾಗಲೂ ಎಲ್ಲ ಬಾಗಿಲಿಗೆ. ಕೆಲವು ನಿಮಿಷ ಯಾರಾದರೂ ಸುಮ್ಮನಿದ್ದರೆ ಅವರನ್ನು ಮರೆತೇ ಬಿಡುತ್ತದೆ, ಮತ್ತೆ ಮಾತಾಡಿದಾಗ ಹೊಸದಾಗಿ ಕಲಿಯುತ್ತದೆ. ಅದೇ ದನಿ ಬೇರೆ ಬಾಗಿಲಿಂದ ಬಂದರೆ ಹಳೆಯದನ್ನು ಅಳಿಸಿ ಹೊಸದನ್ನು ನಂಬುತ್ತದೆ. ಯಾರಾದರೂ ಸುಳ್ಳು ಹೇಳಿಕೊಂಡು ಬಂದರೆ, ನೀನು ಯಾರು ಎಂದು ಕೇಳುವುದಿಲ್ಲವೇ ಎಂದೆ. ಇಲ್ಲ ಎಂದು ನಕ್ಕ.

ಕೊನೆಗೆ ಬಂದವನ ಮಾತನ್ನೇ ನಂಬುವ ಆ ಪೆಟ್ಟಿಗೆಯ ಮೇಲೆ ನನಗೆ ಅಂದೇ ಅಸಮಾಧಾನವಾಯಿತು. ನಮ್ಮಲ್ಲಿ ಇಂಥವರನ್ನು ಹಿತ್ತಾಳೆ ಕಿವಿಯವರು ಎನ್ನುತ್ತಾರೆ. ಹಿತ್ತಾಳೆ ಕಿವಿಯವರ ಮನೆಯಲ್ಲಿ ಸೊಸೆಯಾಗಿ ಬಾಳಿದ ನನಗೆ ಗಿರಣಿಯಲ್ಲೂ ಅಂಥದೇ ಒಂದು ಸಿಕ್ಕಿತಲ್ಲ ಎಂದುಕೊಂಡೆ. ಆದರೂ ಅದು ಸರಿಯಾಗಿಯೇ ನಡೆಯಿತು.

ಆ ವರ್ಷ ದಸರಾ ತಡವಾಗಿ ಬಂದಿತ್ತು. ಆಯುಧ ಪೂಜೆಯ ದಿನ ಗಿರಣಿಯ ಯಂತ್ರ, ಕಾಟಾ, ಲಾರಿ, ಕಂಪ್ಯೂಟರು ಎಲ್ಲವನ್ನೂ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿದರು. ನಾನು ಮನೆಯ ಪೂಜೆ ಎಂದು ಹೋಗಿರಲಿಲ್ಲ. ಬನ್ನಿ ಮುಡಿದ ಮರುದಿನ ಗಿರಣಿಗೆ ಹೋದೆ. ನಮ್ಮ ಕಡೆ ದಸರೆಗೆ ಬನ್ನಿ ಎಲೆಯನ್ನು ಒಬ್ಬರಿಗೊಬ್ಬರು ಕೊಟ್ಟು ಬಂಗಾರದಂತೆ ಇರೋಣ ಎನ್ನುವ ರೂಢಿ. ಮಾತು ಬಿಟ್ಟವರೂ ಅಂದು ಮಾತಾಡುತ್ತಾರೆ. ಕುಷ್ಟಗಿಯವರು ನನ್ನ ಕೈಯಲ್ಲಿ ಬನ್ನಿ ಇಟ್ಟು, ಬಂಗಾರದಂಗ ಇರೋಣ್ರಿ ಎಂದು ನಕ್ಕರು. ನಾನೂ ಕೊಟ್ಟೆ. ಕೋಣೆಗೆ ಹೋಗಿ ಕರೆಂಟಿನ ಬೋರ್ಡಿನ ಸ್ವಿಚ್ ಹಾಕಿ ಕೂತಿದ್ದೆನಷ್ಟೇ, ಕಾಟಾದವನು ಕಂಪ್ಯೂಟರು ನಿಂತುಹೋಯಿತು ಎಂದು ಕೂಗಿದ. ಆಫೀಸಿನದೂ ನಿಂತಿತ್ತು. ಬನ್ನಿ ಇನ್ನೂ ನನ್ನ ಮೇಜಿನ ಮೇಲಿತ್ತು, ನನಗೆ ಆಗಲೇ ಕುಷ್ಟಗಿಯವರ ನಗು ಸರಿಯಾಗಿರಲಿಲ್ಲ ಅನ್ನಿಸಿತು.

ಮಧ್ಯಾಹ್ನ ಊಟಕ್ಕೆ ಎದ್ದೆ. ಹೊಟ್ಟಿನ ದೂಳಿಗೆ ಬೆಂಕಿ ಹತ್ತೀತು ಎಂಬ ಹೆದರಿಕೆಗೆ, ಕೋಣೆ ಬಿಡುವವರು ಬೋರ್ಡು ಆರಿಸಿಯೇ ಹೋಗಬೇಕೆಂದು ಮಾಲೀಕರ ಕಟ್ಟಪ್ಪಣೆ. ನಾನು ಆರಿಸಿ ಹೋದೆ. ನಾನು ಬುತ್ತಿ ಬಿಚ್ಚುವಷ್ಟರಲ್ಲಿ ಎಲ್ಲ ಕಡೆ ಕೆಲಸ ಶುರುವಾಯಿತು. ಊಟ ಮುಗಿಸಿ ಬಂದು ಕೂತೆ, ಮತ್ತೆ ನಿಂತಿತು. ಮರುದಿನವೂ ಹಾಗೇ. ನಾನು ಬಂದರೆ ಹೋಗುವುದು, ನಾನು ಎದ್ದರೆ ಬರುವುದು. ಮೊದಲು ಕಾಟಾದವನು ನಗುತ್ತ ಹೇಳಿದ, ಆಮೇಲೆ ಯಾರೂ ನಗಲಿಲ್ಲ.

ಕೊಪ್ಪಳದ ಮೆಕ್ಯಾನಿಕ್ ಬಂದ. ಬಂದದ್ದು ನಾನು ಊಟಕ್ಕೆ ಹೋದಾಗ, ಎಲ್ಲ ಸರಿ ಇದ್ದಾಗ. ನನ್ನ ಕಂಪ್ಯೂಟರಿಗೆ ವೈರಸ್ ಹೊಕ್ಕಿರಬೇಕು ಎಂದು ಅದನ್ನು ಕಟ್ಟಿಕೊಂಡು ಕೊಪ್ಪಳಕ್ಕೆ ಹೋದ. ನನಗೆ ಸಮಾಧಾನವೇ ಆಯಿತು. ಆರೋಪಿ ಸಿಕ್ಕಿತು, ಅದನ್ನು ಒಯ್ದರು, ಇನ್ನು ನನ್ನ ತಂಟೆಗೆ ಯಾರೂ ಬರುವುದಿಲ್ಲ ಎಂದುಕೊಂಡೆ.

ಮಾರನೆಯ ದಿನ ಬೋಳು ಮೇಜಿನ ಮುಂದೆ ಕೂತು ಫ್ಯಾನು ಹಾಕಿಕೊಂಡೆ. ಅಂಗಳದಾಚೆಯಿಂದ ಕೂಗು ಬಂತು. ಕುಷ್ಟಗಿಯವರು ನನ್ನ ಬಾಗಿಲಿಗೆ ಬಂದು ನಿಂತರು. ಕಂಪ್ಯೂಟರು ಇರಬೇಕಾದ ಜಾಗವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಕಂಪ್ಯೂಟರ್ ಹೋತು," ಎಂದರು. "ಇನ್ನ ಏನ್ ಉಳೀತ್ರಿ ಇಲ್ಲಿ? ನೀವೊಬ್ಬರ."

ಹೊರಗೆ ಯಾರೋ ಕಾಲ್ಗುಣ ಎಂದದ್ದು ಕೇಳಿಸಿತು. ಆ ಮಾತು ನಮ್ಮ ಮನೆಯಿಂದ ಗಿರಣಿಗೆ ಹೇಗೆ ಬಂತು, ಯಾರು ತಂದರು ಎಂದು ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದೇನೆ. ಮಾಲೀಕರು ಒಳ್ಳೆಯವರೇ. ತುಂಗಭದ್ರೆಯ ಕಾಲುವೆ ಬಂದಾಗ ಆಂಧ್ರದಿಂದ ಬಂದು ಕ್ಯಾಂಪ್ ಎಂಬ ಹೊಸ ಊರುಗಳಲ್ಲಿ ನೆಲೆನಿಂತವರ ಮಗ, ಮಾತು ಕಡಿಮೆ. ಸಂಜೆ ನನ್ನನ್ನು ಕರೆದರು.

"ನಿಂದು ತಪ್ಪು ಅನ್ನಂಗಿಲ್ಲಮ್ಮಾ," ಎಂದರು. "ಆದ್ರ ಸುಗ್ಗಿ ಬಂತು. ಚೀಟಿ ಇಲ್ದ ಲಾರಿ ನಿಂತ್ರ ನಾ ಯಾರಿಗೆ ಏನ್ ಹೇಳ್ಲಿ? ಶನಿವಾರದ ತನಕ ನೋಡೂಣು."

ಮನೆಗೆ ಹೋದಾಗ ಅತ್ತೆಗೆ ಆಗಲೇ ಸುದ್ದಿ ಮುಟ್ಟಿತ್ತು. ರೊಟ್ಟಿಯ ಜೊತೆ ಪುಂಡಿ ಪಲ್ಯ ಹಾಕಿದರು, ಒಂದು ಸಲ ಪಾದ ನೋಡಿದರು. ಕೆಲಸ ಹೋಗುವುದಕ್ಕಿಂತ ಅದು ಹೋಗುವ ರೀತಿಗೆ ನಾನು ಹೆದರಿದ್ದೆ. ಈ ಕಾರಣಕ್ಕೆ ಕೆಲಸ ಬಿಟ್ಟು ಮನೆ ಸೇರಿದರೆ ಎಮ್ಮೆಯನ್ನು ಕೊಂದವಳು ನಾನೇ ಎಂದು ಒಪ್ಪಿಕೊಂಡ ಹಾಗೆ. ಆಮೇಲೆ ಆ ಅಡುಗೆಮನೆಯಲ್ಲಿ ಸಾಯುವವರೆಗೂ ನನಗೆ ಬಾಯಿಲ್ಲ. ಅಂದು ಒಂದು ಗಳಿಗೆ, ಯಾರನ್ನೂ ನಂಬದ ನಾನು ಆ ಮಾತನ್ನು ನಂಬಿದೆ. ಬಚ್ಚಲಲ್ಲಿ ಕಾಲು ತೊಳೆಯುವಾಗ ನನ್ನ ಪಾದಗಳನ್ನು ನಾನೇ ದಿಟ್ಟಿಸಿ ನೋಡಿಕೊಂಡೆ.

ಬೆಳಿಗ್ಗೆ ಎದ್ದಾಗ ಸಿಟ್ಟು ಬಂದಿತ್ತು. ಕುಷ್ಟಗಿಯವರ ಮಾತನ್ನೇ ಹಿಡಿದುಕೊಂಡೆ. ಇಲ್ಲಿ ಉಳಿದದ್ದು ನಾನೊಬ್ಬಳೇನು? ಕೋಣೆಗೆ ಹೋಗಿ ಬೋರ್ಡು ಹಾಕದೆ ಸುಮ್ಮನೆ ಕೂತೆ. ಕೈಕಾಲು ಎಲ್ಲ ಕೋಣೆಯಲ್ಲೇ ಇದ್ದವು. ಅಂಗಳದಾಚೆ ಕೆಲಸ ನಡೆದೇ ಇತ್ತು, ಕಾಟಾದವನ ಚೀಟಿಯಂತ್ರ ಕರಕರ ಅನ್ನುತ್ತಿತ್ತು. ಅಂದರೆ ನನ್ನ ಕಾಲಿನದೇನೂ ಇಲ್ಲ. ಎದ್ದು ಬೋರ್ಡು ಹಾಕಿದೆ. ದೀಪ ಹತ್ತಿತು, ಫ್ಯಾನು ತಿರುಗಿತು, ಹೊರಗೆ ಕೂಗು ಬಂತು. ದೀಪ ಫ್ಯಾನು ಬಿಟ್ಟರೆ ಕೋಣೆಯಲ್ಲಿ ಜೀವ ಬಂದದ್ದು ಇನ್ನೊಂದಿತ್ತು, ಗೋಡೆಯ ಮೂಲೆಯ ಸಣ್ಣ ಪೆಟ್ಟಿಗೆ. ಅದರ ಹಸಿರು ದೀಪಗಳು ಹುಚ್ಚು ಹಿಡಿದ ಹಾಗೆ ಮಿಣುಕುತ್ತಿದ್ದವು. ಕಂಪ್ಯೂಟರು ಕೊಪ್ಪಳದಲ್ಲಿದೆ, ಪ್ರಿಂಟರು ಆರಿದೆ, ಮಾತಾಡುವವರೇ ಇಲ್ಲದ ಕೋಣೆಯಲ್ಲಿ ಇಷ್ಟು ಗದ್ದಲ ಯಾರದು ಎಂದು ನನಗೆ ಸಂಶಯ ಬಂತು.

ಹತ್ತಿರ ಹೋಗಿ ನೋಡಿದೆ. ಇಳಿಬಿಟ್ಟಿದ್ದ ಎರಡನೆಯ ತಂತಿ ಈಗ ಇಳಿಬಿದ್ದಿರಲಿಲ್ಲ. ಅದರ ತುದಿಯೂ ಪೆಟ್ಟಿಗೆಯೊಳಗೇ ಚುಚ್ಚಿಕೊಂಡಿತ್ತು, ಮೇಲೆ ಒಂದು ಬೊಟ್ಟು ಕುಂಕುಮ.

ಆ ಮೆಕ್ಯಾನಿಕ್ ಹೇಳಿದ್ದೆಲ್ಲ ನೆನಪಾಯಿತು, ಕೂತಲ್ಲೇ ಲೆಕ್ಕ ಹಾಕಿದೆ. ಕಾಟಾದ ಕಂಪ್ಯೂಟರು ಎಲ್ಲರಿಗೂ ಎಂದು ಒಂದು ಕೂಗು ಹಾಕುತ್ತದೆ. ಆಫೀಸಿನ ಪೆಟ್ಟಿಗೆ ಅದನ್ನು ಎಲ್ಲ ಬಾಗಿಲಿಗೂ ಕಳಿಸುತ್ತದೆ, ಎರಡೂ ತಂತಿಯಲ್ಲಿ ನನ್ನ ಕೋಣೆಗೂ ಕಳಿಸುತ್ತದೆ. ನನ್ನ ಸಣ್ಣ ಪೆಟ್ಟಿಗೆ ಒಂದು ತಂತಿಯಿಂದ ಬಂದದ್ದನ್ನು ಇನ್ನೊಂದರಿಂದ ವಾಪಸು ಕೂಗುತ್ತದೆ. ಆಫೀಸಿನ ಪೆಟ್ಟಿಗೆಗೆ ಅದು ಹಳೆಯ ಕೂಗು ಎಂದು ಗೊತ್ತಾಗುವುದಿಲ್ಲ, ಮತ್ತೆ ಎಲ್ಲರಿಗೂ ಕಳಿಸುತ್ತದೆ. ಒಂದೇ ಕೂಗು ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ, ಒಂದರ ಹಿಂದೆ ಒಂದು ಸೇರಿ ಬೇರೆ ಮಾತಿಗೆ ದಾರಿಯೇ ಇರುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಕಾಟಾದ ದನಿ ನನ್ನ ಕೋಣೆಯ ಬಾಗಿಲಿಂದ ಬಂತಲ್ಲ, ಹಿತ್ತಾಳೆ ಕಿವಿಯ ಪೆಟ್ಟಿಗೆ ಕಾಟಾ ಈಗ ಯಲಬುರ್ಗಾದಕ್ಕನ ಕೋಣೆಯಲ್ಲಿದೆ ಎಂದು ತಿದ್ದಿಕೊಳ್ಳುತ್ತದೆ. ಕಾಟಾಕ್ಕೆ ಹೋಗಬೇಕಾದ ಮಾತನ್ನೆಲ್ಲ ನನ್ನ ಕಡೆಗೆ ಸುರಿಯುತ್ತದೆ. ನಾನು ಬೋರ್ಡು ಆರಿಸಿದರೆ ಸಣ್ಣ ಪೆಟ್ಟಿಗೆ ಸಾಯುತ್ತದೆ, ಸುತ್ತು ಕಡಿಯುತ್ತದೆ, ಎಲ್ಲ ನೆಟ್ಟಗಾಗುತ್ತದೆ. ಗಿರಣಿಯ ಜನ ಕಲಿತದ್ದೂ ಪೆಟ್ಟಿಗೆ ಕಲಿತ ಹಾಗೆಯೇ. ಕೆಡುಕು ಯಾವ ಬಾಗಿಲಿಂದ ಬಂದಂತೆ ಕಂಡಿತೋ ಆ ಬಾಗಿಲಿನವಳ ಹೆಸರಿಗೆ ಬರೆದುಕೊಂಡರು.

ತಂತಿ ಕಿತ್ತೆ. ದೀಪಗಳು ತಣ್ಣಗಾದವು. ಹೊರಗೆ ಕಾಟಾದವನು ಬಂತ್ರಿ ಎಂದ. ಮತ್ತೆ ಚುಚ್ಚಿದೆ, ಹೋತ್ರಿ ಎಂದ. ನನ್ನ ಕಣ್ಣನ್ನೂ ನಂಬದೆ ಮತ್ತೆ ಮತ್ತೆ ಮಾಡಿ ನೋಡಿದೆ. ಆಮೇಲೆ ನನಗೆ ಆದ ಸಂತೋಷ ಬೇರೆಯದು. ನನ್ನ ಕೋಣೆಗೆ ಹೊಕ್ಕು ಈ ತಂತಿ ಚುಚ್ಚಿದವರು ಯಾರು? ಬನ್ನಿ ಕೊಟ್ಟು ನಕ್ಕವರು. ಕೊನೆಗೂ ಸಿಕ್ಕಿಬಿದ್ದರು ಎಂದು ಎದೆ ಕುಣಿಯಿತು. ಸಾಕ್ಷಿ ಒಂದು ಬೇಕಿತ್ತು, ಕೋಣೆಗಳ ಬೀಗದ ಕೈ ಇಟ್ಟುಕೊಳ್ಳುವ ಹಿಟ್ನಾಳದಜ್ಜನ ಹತ್ತಿರ ಹೋದೆ. ಪೂಜೆಯ ದಿನ ನನ್ನ ಕೋಣೆಯೊಳಗೆ ಹೋದವರು ಯಾರು ಎಂದು ಕೇಳಿದೆ.

ಅಜ್ಜನ ಮುಖ ಅರಳಿತು. ಅವನು ಹಿಂದೆ ಚಕ್ಕಡಿ ಹೊಡೆದವನು. ಆಯುಧ ಪೂಜೆಯ ದಿನ ಅವರ ಮನೆಯಲ್ಲಿ ಬಂಡಿಯ ಹಗ್ಗ, ಮಿಣಿ, ಬಾರುಕೋಲು ಎಲ್ಲ ತೊಳೆದು, ಯಾವ ಹಗ್ಗದ ತುದಿಯೂ ಬಿಚ್ಚಿ ಬೀಳದಂತೆ ಎರಡೂ ಕಡೆ ಕಟ್ಟಿ ಪೂಜೆ ಮಾಡುವ ರೂಢಿ.

"ನಾನ ಹೋಗಿದ್ನವಾ, ಪೂಜಿ ಮಾಡಾಕ," ಎಂದ. "ನಿನ್ನ ಮಿಷನ್ನಿನ ಹಗ್ಗ ಒಂದು ಬಾಯಿ ತಕ್ಕೊಂಡು ಬಿದ್ದಿತ್ತು. ಹಬ್ಬದ ದಿನ ಹಂಗ ಬಿಡಬಾರ್ದು. ಅದರ ಗೂಡು ಹುಡುಕಿ ಹಾಕಿ, ಕುಂಕಮ ಹಚ್ಚಿ ಬಂದೀನಿ. ನಿನಗ ಛಲೋ ಆಗಲಿ ಅಂತ."

ಗಿರಣಿಯಲ್ಲಿ ನನ್ನ ಪಾದ ನೋಡದೆ ಮುಖ ನೋಡಿ ಮಾತಾಡುತ್ತಿದ್ದವನು ಅವನೊಬ್ಬನೇ. ಅವನ ಕಣ್ಣಿಗೆ ಪೊರೆ ಬಂದಿತ್ತು. ಇವನನ್ನು ಮನೆಗೆ ಕಳಿಸಿ ಬೇರೆಯವನನ್ನು ಇಟ್ಟುಕೊಳ್ಳಬೇಕು ಎಂದು ಕುಷ್ಟಗಿಯವರು ಬೇಸಿಗೆಯಿಂದಲೂ ಹೇಳುತ್ತಿದ್ದರು. ಈಗ ನಾನು ಉಳಿಯಬೇಕಾದರೆ ಇವನ ಹೆಸರು ಹೇಳಬೇಕು. ತಿರುಗಿ ನೋಡಿದರೆ, ಗೇಟಿನ ಆಚೆ ಲಾರಿಯೊಂದರ ಪಕ್ಕದಲ್ಲಿ ಕುಷ್ಟಗಿಯವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

ಮಾಲೀಕರು ಬಂದ ಮೇಲೆ ಎಲ್ಲರ ಮುಂದೆ ತಂತಿ ಕಿತ್ತು ತೋರಿಸಿದೆ, ಚುಚ್ಚಿ ತೋರಿಸಿದೆ. ಮಾಲೀಕರು ತಾವೇ ಒಂದು ಸಲ ಕಿತ್ತು ನೋಡಿದರು. ನನ್ನ ಮೇಲಿನ ಭಾರ ಇಳಿಯುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅವರು, ಇದನ್ನು ಹಾಕಿದವರು ಯಾರು ಎಂದು ಕೇಳಿದರು. ಬಾಗಿಲ ಹತ್ತಿರ ಅಜ್ಜ ಟವೆಲು ಹಿಡಿದು ನಿಂತಿದ್ದ, ಅವನಿಗೆ ಈಗ ಎಲ್ಲ ತಿಳಿದಿತ್ತು. ನಾನು ಬಾಯಿ ತೆರೆಯಲಿಲ್ಲ. ಕುಷ್ಟಗಿಯವರು ತೆರೆಯುತ್ತಾರೆ, ಅಜ್ಜನ ಕಡೆ ಬೆರಳು ತೋರಿಸುತ್ತಾರೆ ಎಂದು ಕಾಯುತ್ತಿದ್ದೆ. ಅವರು ಬಾಯಿ ತೆರೆದರು.

"ನಾನ ಹಾಕಿದ್ನಿ ಸಾಹುಕಾರ್ರ," ಎಂದರು. "ಪೂಜಿ ದಿನ. ಹಿಂಗಾಕ್ಕೈತಿ ಅಂತ ಗೊತ್ತಿರಲಿಲ್ಲ."

ಮಾಲೀಕರು ಅವರನ್ನು ನೋಡಿದರು. ಗಿರಣಿಯ ಖಾತೆಯಿಂದ ಹಿಡಿದು ಬಾಯಿಲೆಕ್ಕದವರೆಗೆ ಎಲ್ಲ ಅವರ ತಲೆಯಲ್ಲಿದೆ, ಕೆಲಸ ಬಿಡಿಸುವ ಹಾಗಿಲ್ಲ. ಇನ್ನು ಮುಂದೆ ತಂತಿಗೆ ಪೂಜೆ ಬೇಡ ಎಂದು ಹೇಳಿ ಹೊರಟುಹೋದರು. ಅಜ್ಜ ಟವೆಲಿನಿಂದ ಮುಖ ಒರೆಸಿಕೊಂಡ.

ನನಗೆ ಅಂದಿನಿಂದ ಒಂದು ಹೊಸ ಸಂಶಯ ಹಿಡಿಯಿತು. ಕುಷ್ಟಗಿಯವರು ಹೀಗೇಕೆ ಹೇಳಿದರು? ಅಜ್ಜನಿಗೂ ಇವರಿಗೂ ಏನೋ ಸಂಬಂಧವಿರಬೇಕು. ಇಲ್ಲವೇ ನನ್ನನ್ನು ಋಣದಲ್ಲಿ ಇಟ್ಟುಕೊಳ್ಳುವ ಉಪಾಯ ಇರಬೇಕು. ಸುಗ್ಗಿ ಮುಗಿದ ಮೇಲೆ ತಡೆಯಲಾರದೆ ಕೇಳಿಯೇ ಬಿಟ್ಟೆ.

"ಯಾರರ ಒಬ್ಬರು ಹೇಳಬೇಕಿತ್ತಲ್ರಿ," ಎಂದರು, ತಲೆ ಎತ್ತದೆ. ಆ ಉತ್ತರ ನನಗೆ ಸಾಕಾಗಲಿಲ್ಲ, ಈಗಲೂ ಸಾಕಾಗಿಲ್ಲ.

ತಂತಿ ಸಿಕ್ಕ ಆ ಸಂಜೆ ಮನೆಗೆ ಹೋಗಿ ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆ. ಎರಡು ತಾಟು ಇಟ್ಟು, ನಡುವೆ ಎರಡು ದಾರ ಎಳೆದು, ಇದು ಆಫೀಸು, ಇದು ನನ್ನ ಕೋಣೆ, ಕೂಗು ಹೀಗೆ ಹೋಗಿ ಹೀಗೆ ಬರುತ್ತದೆ ಎಂದು ತೋರಿಸಿದೆ. ಅತ್ತೆ ಕೈಯಲ್ಲಿನ ಹಿಟ್ಟು ಬಿಟ್ಟು ಶ್ರದ್ಧೆಯಿಂದ ಕೇಳಿದರು. ಅವರಿಗೆ ತಿಳಿಯಿತು, ನಡುವೆ ಒಳ್ಳೆಯ ಪ್ರಶ್ನೆಯನ್ನೂ ಕೇಳಿದರು. ನಾನು ಗೆದ್ದೆ ಎಂದುಕೊಂಡೆ.

"ಎಲ್ಲಾ ಖರೆ ಐತಿ ಬಿಡು," ಎಂದರು ಕೊನೆಗೆ. "ಎಮ್ಮಿಗೆ ಯಾವ ವೈರ್ ಹಾಕಿದ್ರು?"

ಮತ್ತೆ ಹಿಟ್ಟು ನಾದತೊಡಗಿದರು. ನಾನು ದಾರ ಸುತ್ತಿಟ್ಟು ತಾಟು ಎತ್ತಿದೆ.

ಕಂಪ್ಯೂಟರು ಕೊಪ್ಪಳದಿಂದ ವಾಪಸು ಬಂತು, ಆ ಎರಡನೆಯ ತಂತಿಯನ್ನು ಮೆಕ್ಯಾನಿಕ್ ಬುಡದಿಂದ ಕಿತ್ತು ಒಯ್ದ. ಸುಗ್ಗಿಯಲ್ಲಿ ಒಂದು ಲಾರಿಯೂ ಚೀಟಿಗಾಗಿ ನಿಲ್ಲಲಿಲ್ಲ. ಪೆಟ್ಟಿಗೆ ಕಾಟಾವನ್ನು ನನ್ನ ಕೋಣೆಯಲ್ಲಿ ಕಂಡದ್ದನ್ನು ಆ ಕ್ಷಣವೇ ಮರೆತಿತ್ತು. ಆ ಗಿರಣಿಯಲ್ಲಿ ಆಮೇಲೆಯೂ ಬಹಳ ವರ್ಷ ದುಡಿದೆ. ದಿನಾ ಬೆಳಿಗ್ಗೆ ನಾನು ಅಂಗಳ ದಾಟಿ ಕೋಣೆಗೆ ಹೋಗಿ ಬೋರ್ಡಿನ ಸ್ವಿಚ್ ಒತ್ತುತ್ತಿದ್ದೆ. ನನ್ನ ಕೋಣೆಯ ದೀಪ ಹತ್ತಿದ್ದು ಕಂಡು ಆಫೀಸಿನಲ್ಲಿ, ಕಾಟಾದಲ್ಲಿ, ಎಲ್ಲರೂ ಒಂದು ಗಳಿಗೆ ಕೈ ನಿಲ್ಲಿಸಿ ತಮ್ಮ ಪರದೆಯನ್ನು ನೋಡುತ್ತಿದ್ದರು. ಮಾಲೀಕರು ಇದ್ದ ದಿನ ಅವರೂ ನೋಡುತ್ತಿದ್ದರು. ಕೊನೆಯ ದಿನದವರೆಗೂ ಅದು ತಪ್ಪಲಿಲ್ಲ. ಕುಷ್ಟಗಿಯವರೊಬ್ಬರು ಮಾತ್ರ ಬಗ್ಗಿಸಿದ ತಲೆ ಎತ್ತದೆ ಕೆಲಸ ಮಾಡುತ್ತಿದ್ದರು. ನಾನು ದಿನಾ ಕಿಟಕಿಯಿಂದ ಇಣುಕಿ ನೋಡುತ್ತಿದ್ದೆ, ಅವರು ಇಂದಾದರೂ ತಲೆ ಎತ್ತುತ್ತಾರೇನೋ ಎಂದು.